ಮಾಯಾ ಕೊಲ್ಲಿ

ಥಾಯ್ಲೆಂಡಿನ ಫುಕೆಟ್ ದ್ವೀಪದ ಬಳಿ ಲಂಗರು ಹಾಕಿದ ಪ್ರವಾಸಿ ಹಡಗುಗಳಿಂದ ಇಳಿದವರು ಚಿಕ್ಕ ಯಂತ್ರದೋಣಿಗಳನ್ನೇರಿ ಫಿಫಿ ಲೇ ದ್ವೀಪಕ್ಕೆ ಹೊರಡುತ್ತಾರೆ. ಅಲ್ಲಿ ಸುಣ್ಣಕಲ್ಲಿನ ಕಡಿದಾದ ಬಂಡೆಗಳು ಬಳಸಿ ನಿಂತು, ಮಾಯಾ ಕೊಲ್ಲಿಯ ಬೆಳ್ಮರಳನ್ನು ಲೋಕದ ಕಣ್ಣಿಗೆ ಮರೆಮಾಡಿವೆ. ಏಕಾಂತವನ್ನು ಅರಸಿ ಬಂದವರೇ ಅದನ್ನು ಕೆಡಿಸಿದರು. 2000ದಲ್ಲಿ ತೆರೆಕಂಡ ಚಲನಚಿತ್ರವೊಂದರಿಂದ ಹೆಸರಾದ ಈ ತೀರಕ್ಕೆ ದಿನಂಪ್ರತಿ ಸಾವಿರಾರು ಮಂದಿ ಬರತೊಡಗಿದರು. ದೋಣಿಗಳ ಲಂಗರುಗಳು ಹವಳದ ದಿಬ್ಬಗಳನ್ನು ಮುರಿದವು. ದಡಕ್ಕೆ ಕಾಲಿಡುವ ಆತುರದಲ್ಲಿ ನೀರಿನಡಿಯನ್ನು ನೋಡುವವರಾರು! ಹವಳವೆಂಬುದು ಬರಿಯ ಕಲ್ಲಲ್ಲ, ಜೀವಿಗಳ ಬೀಡು.

2018ರಲ್ಲಿ ಸರ್ಕಾರವು ಕೊಲ್ಲಿಯನ್ನು ಮುಚ್ಚಿ, ಹವಳದ ತುಣುಕುಗಳನ್ನು ನೆಡಿಸಿತು. ರೆಕ್ಕೆಯ ತುದಿ ಕಪ್ಪಾಗಿರುವ ಶಾರ್ಕ್ ಮೀನುಗಳು ಮಾತ್ರ ತಾವಾಗಿಯೇ ಮರಳಿದವು. 2022ರಲ್ಲಿ ತೀರವು ಮತ್ತೆ ತೆರೆದಾಗ ದೋಣಿಗಳಿಗೆ ಒಳಗೆ ಪ್ರವೇಶವಿರಲಿಲ್ಲ. ದ್ವೀಪದ ಹಿಂಬದಿಯಲ್ಲಿ ಇಳಿದು, ಮರಗಳ ನಡುವೆ ನಡೆದು ಬಂದವರು ಈಜಲು ಅಪ್ಪಣೆಯಿಲ್ಲದೆ ದಡದಲ್ಲೇ ನಿಂತರು. ತಿಳಿನೀರಿನಲ್ಲಿ ಶಾರ್ಕ್ ಮರಿಗಳು ನಿರ್ಭಯವಾಗಿ ಸುಳಿದಾಡುತ್ತಿದ್ದವು.