ಗಿಟಾರ್ ಹುಟ್ಟುವ ಏರುಬೀದಿ

ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿರುವ ಗ್ರಾನಡಾ ನಗರಕ್ಕೆ ಬಂದ ಪ್ರವಾಸಿಯ ಕಾಲು ತಾನಾಗಿಯೇ ಅಲ್ಹಂಬ್ರಾ ಅರಮನೆಯತ್ತ ತಿರುಗುತ್ತದೆ. ಊರ ನಡುವಣ ಪ್ಲಾಸಾ ನುಯೆವಾ ಎಂಬ ಚೌಕದಿಂದ ಇಕ್ಕಟ್ಟಾದ ಬೀದಿಯೊಂದು ಬೆಟ್ಟದ ಕಡೆಗೆ ನೇರವಾಗಿ ಏರುತ್ತದೆ. ಗೊಮೇರೆಸ್ ಏರು ಎಂದು ಅದರ ಹೆಸರು. ಏರಿನ ತುದಿಯಲ್ಲಿ ಹದಿನಾರನೆಯ ಶತಮಾನದ ಕಲ್ಲಿನ ಮಹಾದ್ವಾರವಿದೆ; ಅದರ ನೆತ್ತಿಯ ಮೇಲೆ ಬಿರಿದ ಮೂರು ದಾಳಿಂಬೆಗಳನ್ನು ಕೆತ್ತಿದ್ದಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ಗ್ರಾನಡಾ’ ಎಂದರೆ ದಾಳಿಂಬೆಯೇ. ದ್ವಾರವನ್ನು ದಾಟಿದರೆ ನೆರಳುಗಟ್ಟಿದ ಮರಗಳ ತೋಪು, ಅದರಾಚೆಗೆ 1492ರಲ್ಲಿ ಕೊನೆಯ ಮೂರ್ ದೊರೆ ಕ್ರೈಸ್ತ ಅರಸರಿಗೆ ಒಪ್ಪಿಸಿಕೊಟ್ಟು ಹೋದ ಆ ಕೆಂಪು ಕೋಟೆ.

ಪ್ರವಾಸಿಗರ ಅವಸರವೆಲ್ಲ ಕೋಟೆಯನ್ನು ಮುಟ್ಟುವುದರಲ್ಲಿರುತ್ತದೆ. ಅರ್ಧ ಏರಿನಲ್ಲಿ ಉಸಿರು ಸುಧಾರಿಸಿಕೊಳ್ಳಲು ನಿಂತವನು ಮಾತ್ರ ಪಕ್ಕದ ಅಂಗಡಿಯ ಒಳಗನ್ನು ನೋಡುತ್ತಾನೆ. ಮುಂಭಾಗದಲ್ಲಿ ತೂಗಹಾಕಿದ ಗಿಟಾರ್‌ಗಳು. ಹಿಂಭಾಗದಲ್ಲಿ ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ನಿಂತ ಒಬ್ಬ ಬಡಗಿ. ಬಹು ಹಿಂದಿನಿಂದಲೂ ಈ ಬೀದಿ ಗಿಟಾರ್ ಮಾಡುವವರ ಬೀದಿಯೆಂದು ಹೆಸರು ಪಡೆದಿದೆ. ಈಚೆಗೆ ಇವರಲ್ಲಿ ಅನೇಕರು ಊರಿನ ಬೇರೆ ಬೇರೆ ಓಣಿಗಳಿಗೆ ಹಂಚಿಹೋಗಿದ್ದಾರೆ. ಏರಿನ ಎಷ್ಟೋ ಮಳಿಗೆಗಳಲ್ಲಿ ಬೀಸಣಿಗೆ, ಪಿಂಗಾಣಿ ತಟ್ಟೆ, ಕಾರ್ಖಾನೆಯಲ್ಲಿ ತಯಾರಾದ ಆಟಿಕೆಯ ಗಿಟಾರ್‌ಗಳೇ ತುಂಬಿವೆ. ಎರಡು ಯೂರೋ ಕೊಟ್ಟು ಬೀಸಣಿಗೆ ಕೊಳ್ಳುವವರು ನೂರು ಮಂದಿ ಇದ್ದರೆ, ಸಾವಿರಾರು ಯೂರೋ ಕೊಟ್ಟು ಗಿಟಾರ್ ಕೊಳ್ಳುವವನೊಬ್ಬ ದೊರೆಯುವುದು ಕಷ್ಟ. ಬೀದಿಯ ಬಾಡಿಗೆಗೆ ಈ ಭೇದ ತಿಳಿಯುವುದಿಲ್ಲ.

ಆದರೂ ಈ ಊರಿಗೂ ಈ ವಾದ್ಯಕ್ಕೂ ಇರುವ ನಂಟು ಸಾಮಾನ್ಯವಾದುದಲ್ಲ. ಹೋಟೆಲಿನ ಮೂಲೆಯಿಂದ ಗಿಟಾರನ್ನು ಎತ್ತಿ ಸಭಾಮಂದಿರದಲ್ಲಿ ಕೂರಿಸಿದ ಆಂದ್ರೆಸ್ ಸೆಗೋವಿಯಾ ಬೆಳೆದದ್ದು ಇಲ್ಲಿ; ಹದಿನಾರರ ಆಸುಪಾಸಿನಲ್ಲಿ ಆತ ತನ್ನ ಮೊದಲ ಕಛೇರಿಯನ್ನು ನಡೆಸಿದ್ದೂ ಇಲ್ಲಿಯೇ. 1922ರಲ್ಲಿ ಸಂಗೀತಕಾರ ಫಾಯಾ ಮತ್ತು ತರುಣ ಕವಿ ಲೋರ್ಕಾ ಜೊತೆಗೂಡಿ ಅಲ್ಹಂಬ್ರಾದ ಅಂಗಳದಲ್ಲಿ ಜಿಪ್ಸಿ ಜನರ ಹಳೆಯ ಗಾಯನಕ್ಕೆ ಸ್ಪರ್ಧೆಯೊಂದನ್ನು ಏರ್ಪಡಿಸಿದಾಗ, ಹಾಡುಗಾರರ ಪಕ್ಕದಲ್ಲಿ ನುಡಿದದ್ದು ಗಿಟಾರೇ.

ಇಂಥ ಕಾರ್ಯಾಗಾರಗಳ ಬಾಗಿಲಿಗೆ, ಕೊಳ್ಳುವವರಲ್ಲದೆ, ಇನ್ನೊಂದು ಬಗೆಯ ಜನರೂ ಬರುತ್ತಾರೆ. ಅವರಿಗೆ ಗಿಟಾರ್ ಬೇಕಾಗಿಲ್ಲ. ಅದನ್ನು ಮಾಡುವುದು ಬೇಕಾಗಿದೆ. ಜರ್ಮನಿ, ಕೆನಡಾ ಮೊದಲಾದ ದೇಶಗಳಿಂದ ಹೀಗೆ ಬಂದು, ಕಲಿತು, ಈ ಊರಿನಲ್ಲಿಯೇ ನೆಲೆಸಿ ಹೆಸರಾದವರೂ ಉಂಟು. ಕೆಲವು ವಾರಗಳಲ್ಲಿ ಒಂದು ವಾದ್ಯವನ್ನು ಮೊದಲಿನಿಂದ ಕೊನೆಯವರೆಗೆ ತಮ್ಮ ಕೈಯಿಂದಲೇ ಕಟ್ಟಿ ಮನೆಗೆ ಹಿಂದಿರುಗುವವರು ಉಳಿದವರು.

ಹೊಸಬನ ಕೈಗೆ ಮೊದಲ ದಿನ ಮರ ಸಿಗುವುದಿಲ್ಲ. ಸಿಗುವುದು ಸಾಣೆಕಲ್ಲು. ಉಳಿಯ ಬಾಯನ್ನೂ ಉಜ್ಜುಗೊರಡಿನ ಅಲಗನ್ನೂ ಮುಂಗೈಯ ರೋಮ ಬೋಳಿಸುವಷ್ಟು ಹರಿತ ಮಾಡುವುದರಲ್ಲೇ ಬೆಳಗು ಕಳೆಯುತ್ತದೆ. ಪುಸ್ತಕ ಓದಿ, ಚಿತ್ರಪಟ ಬರೆದುಕೊಂಡು, ಲೆಕ್ಕಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದವನಿಗೆ ಇದೊಂದು ಅವಮಾನದಂತೆ ತೋರುವುದು ಸಹಜವೇ. ಮರುದಿನ ಮುಖಹಲಗೆಯ ಎರಡು ಹೋಳುಗಳು ಎದುರಿಗೆ ಬಂದಾಗ ಆ ಸಿಟ್ಟು ಇಳಿಯುತ್ತದೆ.

ಮುಖಹಲಗೆಯೆಂದರೆ ನಾದರಂಧ್ರವಿರುವ ಮೇಲ್ಭಾಗ. ವಾದ್ಯದ ಜೀವವೆಲ್ಲ ಅದರಲ್ಲಿದೆ. ಅದಕ್ಕೆ ಹೆಚ್ಚಾಗಿ ಆಲ್ಪ್ಸ್ ಮುಂತಾದ ಚಳಿನಾಡಿನ ಬೆಟ್ಟಗಳಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್ ಮರವನ್ನು ಬಳಸುತ್ತಾರೆ. ಒಂದೇ ತುಂಡನ್ನು ಸೀಳಿ, ಪುಸ್ತಕದ ಎರಡು ಪುಟಗಳಂತೆ ಬಿಡಿಸಿ, ಅಂಚಿಗೆ ಅಂಚು ಕೂಡಿಸುತ್ತಾರೆ. ಹೀಗೆ ಮಾಡಿದಾಗ ಎಡಭಾಗದ ಗೆರೆಗಳು ಬಲಭಾಗದಲ್ಲಿ ಕನ್ನಡಿಯ ಬಿಂಬದಂತೆ ಕಾಣುತ್ತವೆ. ಆದರೆ ಕೂಡಿಸುವ ಅಂಚು ಕೂದಲೆಳೆಯಷ್ಟೂ ಡೊಂಕಿರಬಾರದು. ಹೊಸಬನು ಎರಡು ಹೋಳುಗಳನ್ನೂ ಜೊತೆಯಾಗಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡುತ್ತಾನೆ; ನಡುವೆ ಬೆಳ್ಳಿಯ ದಾರದಂಥ ಬೆಳಕಿನ ಗೆರೆ. ಮತ್ತೆ ಗೊರಡು, ಮತ್ತೆ ಕಿಟಕಿ. ಗೆರೆ ಮಾಯವಾಗುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ.

ಸರೇಸು ಹಾಕಿ ಅಂಟಿಸಿದ ಹಲಗೆಯನ್ನು ಮುಂದೆ ತೆಳುಮಾಡಬೇಕು. ನಿಜವಾದ ಭಯ ಇಲ್ಲಿದೆ. ಎರಡರಿಂದ ಎರಡೂವರೆ ಮಿಲಿಮೀಟರು ಎಂದು ಪುಸ್ತಕ ಹೇಳುತ್ತದೆ. ಆದರೆ ಒಂದು ಮರದಂತೆ ಇನ್ನೊಂದು ಮರವಿರುವುದಿಲ್ಲ. ದಪ್ಪವಾಗಿ ಉಳಿದರೆ ವಾದ್ಯ ಮೂಗುಬ್ಬಸದವನಂತೆ ನುಡಿಯುತ್ತದೆ. ತೀರ ತೆಳುವಾದರೆ ಆರು ತಂತಿಗಳ ಎಳೆತಕ್ಕೆ, ಎಂದರೆ ಸುಮಾರು 40 ಕಿಲೋ ಭಾರಕ್ಕೆ, ಕಾಲಕ್ರಮದಲ್ಲಿ ಕುಸಿಯುತ್ತದೆ. ಗೊರಡಿನಿಂದ ತೆಗೆದ ಸಿಪ್ಪೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಗುರುವಾದವನು ಅಳತೆಗೋಲನ್ನು ಬದಿಗಿಟ್ಟು, ಹಲಗೆಯನ್ನು ಎರಡು ಬೆರಳುಗಳ ನಡುವೆ ತೂಗಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾನೆ. ಎರಡೂ ಅಂಚುಗಳನ್ನು ಹಿಡಿದು ಬಾಗಿಸಿ ನೋಡುತ್ತಾನೆ. ಹೊಸಬನೂ ಹಾಗೆಯೇ ತಟ್ಟುತ್ತಾನೆ. ಅವನಿಗೆ ಕೇಳಿಸುವುದು ಮರದ ಸಪ್ಪಳ ಮಾತ್ರ.

ಈ ಕಷ್ಟ ಇಂದಿನದಲ್ಲ. ಈಗ ನಾವು ಕಾಣುವ ಗಿಟಾರಿನ ಅಳತೆ, ಆಕಾರಗಳನ್ನು ನಿಲ್ಲಿಸಿದವನು ಗ್ರಾನಡಾಕ್ಕೆ ದೂರವಲ್ಲದ ಅಲ್ಮೇರಿಯಾ ಊರಿನ ಬಡಗಿ ಅಂತೋನಿಯೋ ದೆ ತೋರೆಸ್ (1817–1892). ಮುಖಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಏಳು ತೆಳುಪಟ್ಟಿಗಳನ್ನು ಹರಡಿ ಅಂಟಿಸುವ ಕ್ರಮ ಅವನ ಕೈಯಲ್ಲಿ ಪಕ್ವವಾಯಿತು. ವಾದ್ಯದ ನಾದಕ್ಕೆ ಮುಖಹಲಗೆಯೇ ಮುಖ್ಯ ಎಂಬುದನ್ನು ತೋರಿಸಲು 1862ರಲ್ಲಿ ಅವನು ಬೆನ್ನನ್ನೂ ಪಕ್ಕೆಗಳನ್ನೂ ಬರಿಯ ರಟ್ಟಿನಿಂದ ಮಾಡಿ ಗಿಟಾರೊಂದನ್ನು ಕಟ್ಟಿದ. ಅದು ಇಂದಿಗೂ ಬಾರ್ಸೆಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟಾದರೂ ಕಸುಬು ಅವನ ಹೊಟ್ಟೆ ತುಂಬಿಸಲಿಲ್ಲ. 1870ರ ಸುಮಾರಿಗೆ ಗಿಟಾರನ್ನು ಕೈಬಿಟ್ಟು ಅಲ್ಮೇರಿಯಾದಲ್ಲಿ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟು, ಕೆಲವು ವರ್ಷಗಳ ಮೇಲೆ ಮತ್ತೆ ಉಳಿ ಹಿಡಿದ. ನಿನ್ನ ಗುಟ್ಟನ್ನು ನಿನ್ನೊಡನೆಯೇ ಒಯ್ಯಬೇಡ ಎಂದು ಪರಿಚಯದ ಪಾದ್ರಿಯೊಬ್ಬ ಬೇಡಿಕೊಂಡಾಗ, ಅದಿರುವುದು ಹೆಬ್ಬೆಟ್ಟು ತೋರುಬೆರಳುಗಳ ತುದಿಯಲ್ಲಿ, ಬಿಟ್ಟುಹೋಗುವುದು ಹೇಗೆ ಎಂದನಂತೆ. ಮುಚ್ಚುಮರೆಯ ಮಾತೆಂದು ಕೆಲವರು ಇದನ್ನು ತಿಳಿಯುವುದುಂಟು. ಹಲಗೆಯನ್ನು ಒಮ್ಮೆ ಬಾಗಿಸಿ ನೋಡಿದವನು ಹಾಗೆ ತಿಳಿಯಲಾರ.

ಇನ್ನು ಪಕ್ಕೆ ಮತ್ತು ಬೆನ್ನಿನ ವಿಚಾರ. ಫ್ಲಮೆಂಕೋ ನೃತ್ಯಕ್ಕೆ ನುಡಿಸುವ ಗಿಟಾರಿಗೆ ಸೈಪ್ರೆಸ್ ಮರ ಬಳಸುತ್ತಾರೆ. ಕಛೇರಿಯ ಗಿಟಾರಿಗೆ ಹೆಚ್ಚಾಗಿ ಬೀಟೆ. ಹಿಂದೆ ಬ್ರೆಜಿಲ್ ದೇಶದ ಬೀಟೆ ಬರುತ್ತಿತ್ತು. ಅಲ್ಲಿಯ ಕಾಡು ಬರಿದಾಗುತ್ತ ಬಂದಂತೆ, 1960ರ ದಶಕದಿಂದೀಚೆಗೆ ಅದರ ಸ್ಥಾನಕ್ಕೆ ಭಾರತದ ಬೀಟೆ ಬಂದಿತು. 1992ರಲ್ಲಿ ಬ್ರೆಜಿಲ್ ಮರದ ವ್ಯಾಪಾರವನ್ನೇ ಅಂತರರಾಷ್ಟ್ರೀಯ ಒಪ್ಪಂದವೊಂದು ನಿಲ್ಲಿಸಿತು. ಹೀಗಾಗಿ ಗೊಮೇರೆಸ್ ಏರಿನ ಬಡಗಿಯ ಅಟ್ಟದ ಮೇಲೆ ಒಣಗುತ್ತಿರುವ ನೇರಳೆಗಪ್ಪು ಹಲಗೆ ನಮ್ಮ ಪಶ್ಚಿಮ ಘಟ್ಟದ ಸೀಮೆಯದು. ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ನಿಂತ ಮರ, ಮಲೆನಾಡಿನ ಹಳೆಯ ಮನೆಗಳ ಮಂಚ ಬಾಗಿಲುಗಳಾದ ಮರ, ಮೈಸೂರಿನ ಕುಸುರಿಗಾರರು ದಂತದ ಹೂಬಳ್ಳಿಗಳನ್ನು ಕೂಡಿಸುತ್ತಿದ್ದ ಮರ, ಇಲ್ಲಿ ಎರಡು ಮಿಲಿಮೀಟರು ದಪ್ಪದ ಪಟ್ಟಿಯಾಗಿ ಕಾದ ಕಬ್ಬಿಣದ ಕೊಳವೆಯ ಮೇಲೆ ಬಾಗುತ್ತದೆ. ವಿಚಿತ್ರವೆಂದರೆ ಮರದ ಕುಸುರಿಕೂಡಿಕೆ ಗ್ರಾನಡಾದ ಕಸುಬೂ ಹೌದು; ಮೂರರ ಕಾಲದಿಂದ ಬಂದ ಆ ಕೆಲಸದ ಪೆಟ್ಟಿಗೆಗಳನ್ನು ಇಲ್ಲಿಯೂ ಮಾರುತ್ತಾರೆ.

ಬಾಗಿಸುವುದು ಹೇಳಿದಷ್ಟು ಸುಲಭವಲ್ಲ. ಪಟ್ಟಿಗೆ ನೀರು ಸವರಿ ಬಿಸಿ ಕೊಳವೆಗೆ ಒತ್ತಿದಾಗ ಚುಂಯ್ ಎಂದು ಹಬೆಯೇಳುತ್ತದೆ. ಹಬೆಯ ಜೊತೆಗೆ ಗುಲಾಬಿಯನ್ನು ನೆನಪಿಸುವ ಸಿಹಿಗಂಪು. ಆ ಕಂಪಿಗೆ ಮೈಮರೆತು ಸೊಂಟದ ತಿರುವಿನಲ್ಲಿ ತುಸು ಅವಸರಪಟ್ಟರೆ, ಚಟ್ ಎಂಬ ಸದ್ದು. ಸೀಳಿದ ಪಕ್ಕೆಗೆ ಜೋಡಿಯಾಗಬಲ್ಲ ಇನ್ನೊಂದು ಪಟ್ಟಿ ಅದೇ ಮರದಿಂದ ಮತ್ತೆ ಸಿಗುವ ಭರವಸೆಯಿಲ್ಲ. ಬೀಟೆಯ ಕುಲದ ಮರಗಳನ್ನೆಲ್ಲ 2017ರಿಂದ ಅಂತರರಾಷ್ಟ್ರೀಯ ರಕ್ಷಣೆಯ ಪಟ್ಟಿಗೆ ಸೇರಿಸಿದ್ದಾರೆ. 2019ರ ಕೊನೆಯಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆತಿದ್ದರೂ ಹಸಿ ಹಲಗೆ ಗಡಿ ದಾಟಲು ಕಾಗದಪತ್ರ ಬೇಕೇ ಬೇಕು. ಒಂದು ಮರ ದಪ್ಪವಾಗಿ ಬೆಳೆಯಲು ಎರಡು ಮೂರು ತಲೆಮಾರು ಬೇಕಾದಾಗ ಈ ನಿರ್ಬಂಧ ಅತಿಯೆಂದು ಹೇಳಲಾಗದು. ಹೊಸಬನ ಕೈ ನಡುಗುವುದಕ್ಕೂ ಅರ್ಥವಿದೆ.

ಮುಂದಿನ ಕೆಲಸವೆಲ್ಲ ಮಂಡಿಯ ಮೇಲೆ, ಮೇಜಿನ ಮೇಲೆ ನಡೆಯುತ್ತದೆ. ಮುಖಹಲಗೆಯನ್ನು ಬೋರಲಾಗಿ ಮಲಗಿಸಿ, ಕೊರಳನ್ನು ಅದಕ್ಕೆ ಕೂಡಿಸಿ, ಪಕ್ಕೆಗಳನ್ನು ಕೊರಳಿನ ಹಿಮ್ಮಡಿಯ ಸೀಳಿನೊಳಗೆ ಸೇರಿಸುವುದು ಸ್ಪೇನಿನ ಪದ್ಧತಿ. ಪಕ್ಕೆ ಮತ್ತು ಮುಖ ಸೇರುವ ಅಂಚಿನುದ್ದಕ್ಕೂ ಹುಣಿಸೆಬೀಜದಷ್ಟು ದೊಡ್ಡ ಮರದ ತುಂಡುಗಳನ್ನು ಒಂದೊಂದಾಗಿ ಸರೇಸಿನಲ್ಲಿ ಅದ್ದಿ ಬೆರಳಿನಿಂದ ಒತ್ತಿ ಹಿಡಿಯಬೇಕು. ಅಂಥವು ಹತ್ತಾರು, ಮಾತನಾಡಲು ಇದಕ್ಕಿಂತ ಒಳ್ಳೆಯ ವೇಳೆ ಇಲ್ಲ.

ಮೆಟ್ಟಿಲುಗಳ ಲೆಕ್ಕ ಮಾತ್ರ ಮಾತನ್ನು ಸಹಿಸುವುದಿಲ್ಲ. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಶ್ರುತಿ ತಪ್ಪಿದರೆ ಮೇಣ ಕರಗಿಸಿ ಸರಿಪಡಿಸಬಹುದು. ಗಿಟಾರಿನಲ್ಲಿ ಕರಿಮರದ ಹಲಗೆಯನ್ನೇ ಗರಗಸದಿಂದ ಸೀಳಿ ಲೋಹದ ಮೆಟ್ಟಿಲನ್ನು ಬಡಿದು ಇಳಿಸುತ್ತಾರೆ. ತಂತಿಯ ಉದ್ದ 650 ಮಿಲಿಮೀಟರಾದರೆ ಅದನ್ನು 17.817ರಿಂದ ಭಾಗಿಸಬೇಕು, 36.48 ಬರುತ್ತದೆ. ಮೇಲ್ತುದಿಯಿಂದ ಅಷ್ಟು ದೂರಕ್ಕೆ ಮೊದಲ ಮೆಟ್ಟಿಲು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹನ್ನೆರಡನೆಯದು ಸರಿಯಾಗಿ ನಡುವೆ, 325ಕ್ಕೆ ಬಂದು ನಿಂತರೆ ಲೆಕ್ಕ ಸರಿಯಾದಂತೆ. ಪುಸ್ತಕ ಓದಿ ಬಂದವನು ಇಲ್ಲಿ ಮೊದಲ ಬಾರಿಗೆ ಗುರುವಿನ ಮೆಚ್ಚುಗೆ ಪಡೆಯುತ್ತಾನೆ.

ವಯಸ್ಸಾದ ಮೇಲೆ ಈ ಹುಚ್ಚು ಹಿಡಿಸಿಕೊಂಡವರಿಗೆ ಧೈರ್ಯ ತುಂಬುವ ಕಥೆಯೊಂದುಂಟು. ಪ್ಯಾರಿಸಿನ ಚಿತ್ರಕಾರ ರಾಬರ್ ಬೂಶೆ ಬಡಗಿಯ ಮಗನಲ್ಲ, ಶಿಷ್ಯನೂ ಅಲ್ಲ. ತನ್ನ ಊರಿನಲ್ಲಿದ್ದ ಸ್ಪೇನಿನ ವಾದ್ಯಕಾರನೊಬ್ಬನ ಕೈಕೆಲಸವನ್ನು ನೋಡುತ್ತ ಕುಳಿತದ್ದೇ ಅವನ ಪಾಠ. 1946ರಲ್ಲಿ, ನಲವತ್ತೆಂಟರ ಹತ್ತಿರದ ವಯಸ್ಸಿನಲ್ಲಿ, ತನಗಾಗಿ ಮೊದಲ ಗಿಟಾರನ್ನು ಕಟ್ಟಿದ. ಕ್ರಮೇಣ ಅವನ ವಾದ್ಯಗಳಿಗೆ ಹೆಸರಾಂತ ವಾದಕರೇ ಕಾದು ನಿಲ್ಲುವಂತಾಯಿತು. 1970ರ ದಶಕದಲ್ಲಿ ಮುದುಕನಾಗಿ ಗ್ರಾನಡಾಕ್ಕೆ ಬಂದ ಅವನು ಈ ಊರಿನ ಅಂತೋನಿಯೋ ಮರೀನ್ ಮೊಂತೇರೋ ಅವರೊಡನೆ ಒಂದೇ ಮೇಜಿನ ಮೇಲೆ ಗಿಟಾರ್ ಕಟ್ಟಿದ. ಗ್ರಾನಡಾದ ಹಲವರು ಅನಂತರ ಆ ಮಾದರಿಯನ್ನು ಅನುಸರಿಸಿದರು. ಸ್ಪೇನಿನಿಂದ ಪ್ಯಾರಿಸಿಗೆ ಹೋದ ವಿದ್ಯೆ ಹೊಸಬನೊಬ್ಬನ ಕೈಯಿಂದ ಮರಳಿ ಸ್ಪೇನಿಗೇ ಬಂದಿತು.

ಬೆನ್ನನ್ನು ಮುಚ್ಚುವ ಮೊದಲು ಒಳಗೊಂದು ಚೀಟಿ ಅಂಟಿಸುತ್ತಾರೆ. ಆಮೇಲೆ ಅಂಚುಪಟ್ಟಿಗಳನ್ನು ಕೂರಿಸಿ, ಇಡೀ ಒಡಲಿಗೆ ಹಗ್ಗ ಸುತ್ತಿ ಬಿಗಿಯುತ್ತಾರೆ; ಆಗ ಗಿಟಾರ್ ಗಾಯಕ್ಕೆ ಪಟ್ಟಿ ಸುತ್ತಿಸಿಕೊಂಡ ರೋಗಿಯಂತೆ ಕಾಣುತ್ತದೆ. ಮೆರುಗಿಗೆ ಅರಗಿನ ಪಾಲಿಶ್ ಬೇಕು. ಅದೂ ಬಹುಮಟ್ಟಿಗೆ ಭಾರತದಿಂದ ಹೋಗುವ ಸರಕೇ. ಬಟ್ಟೆಯ ಉಂಡೆಯಿಂದ ಸವರುವುದು, ಒಣಗಲು ಬಿಡುವುದು, ಮತ್ತೆ ಸವರುವುದು. ಇದಕ್ಕೆ ದಿನಗಳೇ ಹಿಡಿಯುತ್ತವೆ. ಕೊನೆಯಲ್ಲಿ ಕುದುರೆಯನ್ನು ಮುಖಹಲಗೆಗೆ ಬರಿಯ ಅಂಟಿನಿಂದ ಕೂರಿಸುತ್ತಾರೆ. ಮೊಳೆಯಿಲ್ಲ, ತಿರುಪಿಲ್ಲ.

ತಂತಿ ಕಟ್ಟುವ ದಿನ ಕಾರ್ಯಾಗಾರದಲ್ಲಿ ಉಳಿದವರ ಕೈಯೂ ತಡೆಯುತ್ತದೆ. ಒಟ್ಟು ತೂಕ ಒಂದೂವರೆ ಕಿಲೋದಷ್ಟು. ಅದರ ಮೇಲೆ 40 ಕಿಲೋದ ಎಳೆತ. ಹೊಸಬನು ಬಿರಡೆಯನ್ನು ಅರ್ಧರ್ಧ ಸುತ್ತು ತಿರುಗಿಸಿ, ಪ್ರತಿ ಸಲವೂ ಕುದುರೆಯ ಹಿಂದಿನ ಹಲಗೆಯ ಮೇಲೆ ಬೆರಳಾಡಿಸಿ ನೋಡುತ್ತಾನೆ. ಅಂಟು ಬಿಡುವ ಚಟಪಟ ಸದ್ದೇನಾದರೂ ಬರುವುದೋ ಎಂದು ಕಿವಿ ಆನಿಸುತ್ತಾನೆ. ಬರುವುದಿಲ್ಲ. ಮಂದ್ರದ ತಂತಿಯನ್ನು ಹೆಬ್ಬೆಟ್ಟಿನಿಂದ ಮೀಟುತ್ತಾನೆ. ಹೊಸ ವಾದ್ಯದ ದನಿ ಇನ್ನೂ ಬಿಗಿಯಾಗಿದೆ. ದಿನ ಕಳೆದಂತೆ ಬಿಚ್ಚಿಕೊಳ್ಳಬೇಕು. ಗುರು ಅದನ್ನು ಕೈಗೆತ್ತಿಕೊಂಡು ಬಾಗಿಲ ಬಳಿ ಸ್ವಲ್ಪ ಹೊತ್ತು ನುಡಿಸಿ, ಏನನ್ನೂ ಹೇಳದೆ ಹಿಂದಿರುಗಿಸಿ, ತನ್ನ ಮೇಜಿಗೆ ಹೋಗುತ್ತಾನೆ. ಹೊರಗೆ ಏರಿನಲ್ಲಿ ಕೋಟೆಗೆ ಹೋಗುವ ಜನ ಉಬ್ಬಸಪಡುತ್ತ ನಡೆದಿದ್ದಾರೆ.

ಹೊಸಬನು ಗಿಟಾರನ್ನು ಬೆಳಕಿಗೆ ಓರೆಯಾಗಿ ಹಿಡಿದು ನಾದರಂಧ್ರದೊಳಗೆ ಇಣುಕುತ್ತಾನೆ. ಒಳಗೆ, ಬೀಟೆಯ ಕಪ್ಪು ಮೈಯ ಮೇಲೆ, ಅವನೇ ಅಂಟಿಸಿದ ಚೀಟಿ. ಅದರಲ್ಲಿ ಅವನ ಹೆಸರಿದೆ, ಊರು ಗ್ರಾನಡಾ ಎಂದಿದೆ, ಇಸವಿ ಇದೆ. ಅದರ ಕೆಳಗೆ, ತುಸು ಅಲುಗಿದ ಕೈಯಲ್ಲಿ ಬರೆದ ಅಂಕೆ: 1.