ಢಕ್ಕನ್ ಎಲ್ಲಿ?

ಮುಂಬಯಿಯ ರಸ್ತೆಗಳಲ್ಲಿ ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ ಕಳವಾಗುತ್ತದೆ. ಅಂಗಳದಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಇದ್ದಲ್ಲೇ ಇದ್ದು ಕಾಣೆಯಾಗುತ್ತದೆ. ಗೋರಾಯಿ, ಮನೋರಿಯ ಗಾವಠಾಣಗಳಿಂದ ವಸಯಿ, ನಾಲಾಸೋಪಾರಾದ ಹಳೆಯ ಸೊಸೈಟಿಗಳವರೆಗೆ, ಒಳಚರಂಡಿ ಮುಟ್ಟದ ಕಡೆಯೆಲ್ಲ ಈ ಟ್ಯಾಂಕೇ ಗತಿ. ಜುಲೈ ಮಳೆಯಲ್ಲಿ ನೆಲಮಹಡಿಯವರ ಸಂಡಾಸು ಗುಳುಗುಳು ಎಂದಾಗ ಎಲ್ಲರಿಗೂ ಅದರ ನೆನಪಾಗುತ್ತದೆ. ಕರೆಸಿದ ಟ್ಯಾಂಕರಿನಿಂದ ಇಳಿದವನು ಕೇಳುವುದು ಒಂದೇ: "ಢಕ್ಕನ್ ಕಿಧರ್ ಹೈ?" ಮುಚ್ಚಳ ಎಲ್ಲಿ?

ಸೆಕ್ರೆಟರಿ ವಾಚ್‌ಮನ್ನನ ಮುಖ ನೋಡುತ್ತಾರೆ. ವಾಚ್‌ಮನ್ ಸೇರುವ ಹೊತ್ತಿಗಾಗಲೇ ಅಂಗಳಕ್ಕೆ ಪೇವರ್ ಬ್ಲಾಕ್ ಬಿದ್ದಾಗಿತ್ತು. ಹಳೆಯ ಸೆಕ್ರೆಟರಿ ಫ್ಲ್ಯಾಟ್ ಮಾರಿ ಕಾರ್ಕಳ ಸೇರಿದ್ದಾರೆ. "ಅಲ್ಲೇ ತೆಂಗಿನಮರದ ಬುಡದಲ್ಲಿ ನೋಡಿ ಮಾರಾಯ್ರೇ" ಎಂದು ಫೋನಿನಲ್ಲಿ ಹೇಳುತ್ತಾರೆ. ತೆಂಗಿನಮರ ಹೋಗಿ ಪಾರ್ಕಿಂಗ್ ಬಂದಿದೆ.

ಪಳಗಿದ ಪ್ಲಂಬರ್ ಹಾರೆಗೆ ಕೈಹಾಕುವ ಮೊದಲು ತಲೆಯೆತ್ತಿ ನೋಡುತ್ತಾನೆ. ಟ್ಯಾಂಕಿನ ಗಾಳಿ ಹೋಗಲೆಂದು ನಿಲ್ಲಿಸಿದ, ತುದಿಗೆ ಜಾಲರಿ ಕಟ್ಟಿದ ಕೊಳವೆ ಕಂಡರೆ ಅರ್ಧ ಕೆಲಸ ಮುಗಿಯಿತು. ಕಾಣದಿದ್ದರೆ ಸಂಡಾಸಿನ ನಾಲ್ಕಿಂಚಿನ ಪೈಪು ಹಿಡಿದು ಹೊರಡಬೇಕು. ಚೇಂಬರಿಗೆ ಒಂದು ಬಕೆಟ್ ನೀರು ಸುರಿದರೆ ಅದು ಯಾವ ಕಡೆ ಓಡುತ್ತದೋ ಆ ಕಡೆ ಟ್ಯಾಂಕು. ಆಮೇಲೆ ಬ್ಲಾಕುಗಳ ಮೇಲೆ ಹಾರೆಯಿಂದ ತಟ್ಟುವುದು. ಮಣ್ಣಿದ್ದಲ್ಲಿ ದಪ್ ಎನ್ನುವ ಸದ್ದು ಟೊಳ್ಳಿದ್ದಲ್ಲಿ ಬೇರೆಯೇ ಆಗುತ್ತದೆ. ಬ್ಲಾಕು ಎಬ್ಬಿಸಿ ಮರಳು ಕೆರೆದರೆ ಸಿಮೆಂಟಿನ ಚಪ್ಪಡಿ, ಅದರಲ್ಲಿ ತುಕ್ಕು ತಿಂದು ತಂತಿಯಷ್ಟು ಸಣ್ಣಗಾದ ಕಬ್ಬಿಣದ ಬಳೆ.

ಇಲ್ಲಿ ಜೋರು ಮಾಡುವಂತಿಲ್ಲ. ಚಪ್ಪಡಿಯ ಸರಳನ್ನು ಒಳಗಿನ ಅನಿಲ ತಿಂದಿರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಕಾರು ನಿಲ್ಲಿಸಿದವರ ಧೈರ್ಯ ಮೆಚ್ಚಬೇಕು!

ಆ ಅನಿಲದ ಕಸುವು ಮುಂಬಯಿಗೆ ಹೊಸದಲ್ಲ. 1890ರಲ್ಲಿ ಮಾಟುಂಗಾದಲ್ಲಿ ಶುರುವಾದ ಕುಷ್ಠಧಾಮದ ಕೊಳೆ ಟ್ಯಾಂಕುಗಳಿಂದ ಅನಿಲ ಹಿಡಿದು 1897ರ ಸುಮಾರಿಗೆ ಎಂಜಿನ್ ಓಡಿಸಿದ್ದರು. ಉರಿಯುವ ಮಿಥೇನಿನ ಜೊತೆ ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ. ಅದು ಹೆಚ್ಚಾದರೆ ಮೂಗು ಸತ್ತು, ವಾಸನೆ ಹೋಯಿತೆಂದು ಭ್ರಮೆಯಾಗುತ್ತದೆ. ಹಾಗಾಗಿ ಮುಚ್ಚಳ ತೆರೆದಲ್ಲಿ ಬೀಡಿ ಹಚ್ಚುವಂತಿಲ್ಲ, ಬಗ್ಗಿ ಇಣುಕುವಂತಿಲ್ಲ.

ಸಾಮಾನ್ಯವಾಗಿ ಟ್ಯಾಂಕಿಗೆ ಎರಡು ಮುಚ್ಚಳ: ಕೊಳೆ ಬರುವ ತುದಿಗೊಂದು, ನೀರು ಹೊರಡುವ ತುದಿಗೊಂದು. ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದರೆ ಟ್ಯಾಂಕರಿನ ಪೈಪು ಆಚೆ ತುದಿಯ ಗಟ್ಟಿ ಕೆಸರಿಗೆ ಎಟಕುವುದಿಲ್ಲ. ಆಗ ಯಾರೋ "ಒಬ್ಬ ಹುಡುಗನನ್ನು ಇಳಿಸಿ" ಎನ್ನುತ್ತಾರೆ. 2019ರ ಡಿಸೆಂಬರಿನಲ್ಲಿ ಗೋವಂಡಿಯ ಸೊಸೈಟಿಯೊಂದರಲ್ಲಿ ಟ್ಯಾಂಕ್ ಶುಚಿ ಮಾಡಲು ಇಳಿದ ಮೂವರು ಕಾರ್ಮಿಕರು ಸತ್ತರು. ರಕ್ಷಣೆಯಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಜೀವ ಹೋದರೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನೂ ನಾಲ್ಕು ಬ್ಲಾಕು ಎಬ್ಬಿಸುವುದಕ್ಕೆ ಅಷ್ಟು ಖರ್ಚಿಲ್ಲ.

ಬುದ್ಧಿಯಿರುವ ಕಮಿಟಿ ಮುಚ್ಚಳಗಳ ಜಾಗವನ್ನು ಗೋಡೆಯ ಮೂಲೆಯಿಂದ ಟೇಪು ಹಿಡಿದು ಅಳೆದು, ಮೀಟರ್ ರೂಮಿನ ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆಸುತ್ತದೆ. ಉಳಿದ ಕಡೆ ಅಂಗಳ ಚಂದ ಕಾಣಬೇಕೆಂಬ ವಾದ ಗೆದ್ದು ಬ್ಲಾಕು ಮತ್ತೆ ಮೊದಲಿನಂತೆ ಕೂರುತ್ತದೆ. ಕೂರಿಸಿದ ಕೂಲಿ ಮೇಂಟೆನೆನ್ಸಿನಿಂದ ಹೋಗಬೇಕೋ, ನೆಲಮಹಡಿಯವರೇ ಕೊಡಬೇಕೋ ಎಂಬ ಜಗಳ ವಾರ್ಷಿಕ ಸಭೆಗೆ ಹೋಗುತ್ತದೆ.