ಅಕ್ಕನ ಸ್ವಿಚ್ಚು

ಊರ ಕಡೆ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಕರೆಂಟಿನಲ್ಲಿ ಓಡುವ ಎಲ್ಲ ವಸ್ತುಗಳ ಡಾಕ್ಟರ್ ಅಂತ ಅರ್ಥ. ಟೀವಿಯಲ್ಲಿ ಚಾನೆಲ್ ಬರದಿದ್ದರೆ, ಪಹಣಿ ಪ್ರಿಂಟ್ ಆಗದಿದ್ದರೆ, ಚಿಕ್ಕಪ್ಪನ ಫೋನಿನ ತುಂಬಾ ಗುಡ್ ಮಾರ್ನಿಂಗ್ ಚಿತ್ರಗಳೇ ಆಗಿಹೋದರೆ, ಎಲ್ಲದಕ್ಕೂ ಬೆಂಗಳೂರಿಗೆ ಒಂದು ಫೋನು. ನಾನು ಬರೆಯೋದು ಜಾವಾ ಕಣ್ರಪ್ಪಾ ಅಂದರೆ, "ಅದೇ ಕಂಪ್ಯೂಟರ್ ತಾನೇ?" ಅಂತಾರೆ.

ಹೋದ ವರ್ಷ ಬಂದ ಫೋನು ಭಾವನದ್ದು. ಅರಸೀಕೆರೆಯಲ್ಲಿ ಅವರದ್ದೊಂದು ಸಣ್ಣ ಲ್ಯಾಬ್ ಇದೆ. ಶುಗರ್ರು, ಥೈರಾಯ್ಡು, ಮೂತ್ರಪರೀಕ್ಷೆ. ಒಳಗೆ ಭಾವ, ಕೌಂಟರಿನಲ್ಲಿ ಅಕ್ಕ. ಆವತ್ತು ಒಬ್ಬರ ಲಿಪಿಡ್ ರಿಪೋರ್ಟ್ ಬರಬೇಕಾದ ಪ್ರಿಂಟರಿನಿಂದ ಸಿನಿಮಾ ಹೀರೋ ಒಬ್ಬರ ಹುಟ್ಟುಹಬ್ಬದ ಪೋಸ್ಟರ್ ಬಂದಿತ್ತಂತೆ. ಕಾಯುವ ಜನಕ್ಕೆ ಅಂತ ಕೊಟ್ಟಿದ್ದ ವೈಫೈ, ಬಿಲ್ಲಿಂಗ್ ಕಂಪ್ಯೂಟರು, ರಿಪೋರ್ಟು, ಕ್ಯಾಮೆರಾ ಎಲ್ಲ ಒಂದೇ ನೆಟ್‌ವರ್ಕಿನಲ್ಲಿ. ಯಾವನೋ ಹುಡುಗ ಮೊಬೈಲಿನಲ್ಲಿ ಏನೋ ಒತ್ತಿದ್ದಾನೆ. ನಾವು ನಕ್ಕೆವು, ಆದರೆ ಪೋಸ್ಟರ್ ಈ ಕಡೆ ಬರಬಹುದಾದರೆ ಯಾರದ್ದೋ ರಿಪೋರ್ಟು ಆ ಕಡೆಗೂ ಹೋಗಬಹುದು. ಸಣ್ಣ ಊರಲ್ಲಿ ರಕ್ತಪರೀಕ್ಷೆಯ ವಿಷಯ ಹೊರಗೆ ಹೋದರೆ ಮದುವೆಗಳೇ ನಿಂತುಹೋಗುತ್ತವೆ.

"ಮ್ಯಾನೇಜ್ಡ್ ಸ್ವಿಚ್ ಹಾಕ್ಸಿ ಭಾವ" ಅಂತ ದೊಡ್ಡದಾಗಿ ಹೇಳಿಬಿಟ್ಟೆ. ಅವರು ಅದೇ ವಾರ ಸೆಕೆಂಡ್ ಹ್ಯಾಂಡಿನಲ್ಲಿ 24 ಪೋರ್ಟಿನದೊಂದು ತರಿಸಿಯೇಬಿಟ್ಟರು. "ತಂದಾಯ್ತು. ಶನಿವಾರ ಬಂದು ಹಾಕ್ಕೊಡಪ್ಪ."

ಮಾಮೂಲಿ ಸ್ವಿಚ್ಚು ಎತ್ತಿನ ಹಾಗೆ. ವೈರು ಸಿಗಿಸಿದರೆ ಹೇಳದೆ ಕೇಳದೆ ದುಡಿಯುತ್ತೆ. ಮ್ಯಾನೇಜ್ಡ್ ಸ್ವಿಚ್ಚಿಗೆ ಪ್ರತಿಯೊಂದನ್ನೂ ಹೇಳಬೇಕು, ಹೇಳಿದ್ದನ್ನಷ್ಟೇ ಮಾಡುತ್ತೆ. ಅದರ ಜೊತೆ ಮಾತಾಡೋಕೆ ಕನ್ಸೋಲ್ ಅಂತ ಒಂದು ತೂತು, ನೋಡೋಕೆ ಥೇಟ್ ನೆಟ್‌ವರ್ಕ್ ಪೋರ್ಟಿನ ಹಾಗೇ. ಮೊದಲ ಅರ್ಧ ಗಂಟೆ ನಾನು ಅದಕ್ಕೆ ತಪ್ಪು ಕೇಬಲ್ ಹಾಕಿಕೊಂಡು ಕೂತಿದ್ದೆ. ಪುಟ್ಟಿ ತೆರೆದರೆ ಪರದೆ ತುಂಬಾ ಕಸ. ವೇಗವನ್ನು 9600ಕ್ಕೆ ಇಟ್ಟ ಮೇಲೆ ಅಕ್ಷರ ಮೂಡಿತು, ಮೂಡಿದ್ದೇ ಪಾಸ್‌ವರ್ಡ್ ಕೇಳಿತು. ಅದು ಹಳೇ ಮಾಲೀಕನಿಗೇ ಗೊತ್ತು. ಮುಂದಿನ ಬಟನ್ ಒತ್ತಿ ಹಿಡಿದು ಎಲ್ಲ ಅಳಿಸಿದ್ದಾಯ್ತು.

ಆಮೇಲೆ ಅಪ್‌ಡೇಟ್. ಅದರಲ್ಲಿದ್ದ ಸಾಫ್ಟ್‌ವೇರು ನಾನು ಬಿಇ ಓದುವ ಕಾಲದ್ದು. ಹಾಗೇ ಬಿಡಬಹುದಿತ್ತು, ಕೆಲಸವಂತೂ ಮಾಡುತ್ತಿತ್ತು. ಆದರೆ 2018ರ ಏಪ್ರಿಲ್‌ನಲ್ಲಿ ಸಿಸ್ಕೋ ಸ್ವಿಚ್‌ಗಳ ಸ್ಮಾರ್ಟ್ ಇನ್‌ಸ್ಟಾಲ್ ಅನ್ನೋ ಸೌಲಭ್ಯದ ದಾರಿ ಹಿಡಿದು ಇರಾನ್, ರಷ್ಯಾಗಳಲ್ಲಿ ಯಾರೋ ಸೆಟ್ಟಿಂಗ್‌ಗಳನ್ನೇ ಒರೆಸಿಹಾಕಿ, ಆ ಜಾಗದಲ್ಲಿ ಅಕ್ಷರಗಳಿಂದ ಬಿಡಿಸಿದ ಅಮೆರಿಕದ ಬಾವುಟ ಬಿಟ್ಟುಹೋಗಿದ್ದರು. ದೋಷ ತಿದ್ದಿದ ಆವೃತ್ತಿ ಅದಕ್ಕಿಂತ ವಾರದ ಮೊದಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಕಥೆ ಕೇಳಿ ಭಾವ "ಹಂಗಾರೆ ಹಾಕ್ಬಿಡು" ಅಂದರು.

ಹಾಕೋದು ಅಷ್ಟು ಸಲೀಸಲ್ಲ. ಕಂಪನಿ ಲ್ಯಾಪ್‌ಟಾಪಿನಲ್ಲಿ ಎಲ್ಲಕ್ಕೂ ಬೀಗ, ಹಾಗಾಗಿ ಅಕ್ಕನ ಬಿಲ್ಲಿಂಗ್ ಕಂಪ್ಯೂಟರನ್ನೇ ಟಿಎಫ್‌ಟಿಪಿ ಸರ್ವರ್ ಮಾಡಿದೆ. ವಿಂಡೋಸ್ ಫೈರ್‌ವಾಲ್ ತಡೆಯಿತು. ಅದನ್ನು ದಾಟಿ, ಫೈಲಿನ ಚೆಕ್‌ಸಮ್ ತಾಳೆ ನೋಡಿ, ಕಳಿಸಿ, ಸ್ವಿಚ್ ರೀಸ್ಟಾರ್ಟ್ ಮಾಡಿದರೆ ಆರೇಳು ನಿಮಿಷ ಪರದೆಯಲ್ಲಿ ಏನೂ ಇಲ್ಲ. ಒಂದೇ ಒಂದು ದೀಪ ಮಿಣುಕುತ್ತೆ. ಬದುಕಿದೆಯೋ ಸತ್ತಿದೆಯೋ ತಿಳಿಯದು. ಆ ಹೊತ್ತಿನಲ್ಲಿ ಮುಟ್ಟಬಾರದು, ಆಫ್ ಮಾಡಬಾರದು, ಕಾಯಬೇಕು. ಗಾಬರಿಯಾಗಿ ಆಫ್ ಮಾಡಿದವರ ಸ್ವಿಚ್ಚು ಇಟ್ಟಿಗೆಯಾಗುತ್ತೆ. ಅಕ್ಕ ಕಾಫಿ ತಂದು ಪಕ್ಕದಲ್ಲೇ ಕೂತಳು.

"ಇದ್ಕೇನ್ಲಾ ಮಾಡ್ತಿದೀಯ ಇಷ್ಟೊತ್ತು?"

ವಿಲ್ಯಾನ್ ಬಗ್ಗೆ ಹೇಳಿದೆ. ಒಂದೇ ಡಬ್ಬಿಯೊಳಗೆ ಮೂರು ಬೇರೆ ಬೇರೆ ನೆಟ್‌ವರ್ಕು. 10 ಲ್ಯಾಬಿಗೆ, 20 ವೈಫೈಗೆ, 30 ಕ್ಯಾಮೆರಾಗೆ. ನಮ್ಮಪ್ಪ ಊರ ಕೆರೆಯ ನೀರಗಂಟಿಯಾಗಿದ್ದವರು. ಅಕ್ಕ ತಲೆಯಾಡಿಸಿದಳು. "ಒಂದೇ ಕೆರೆ, ತೂಬು ಬೇರೆ. ಇವ್ನ ಗದ್ದೆ ನೀರು ಅವ್ನ ಗದ್ದೆಗೆ ನುಗ್ಗಬಾರ್ದು." ನಾನು ಆಫೀಸಿನಲ್ಲಿ ಇದನ್ನು ಅರ್ಥ ಮಾಡಿಕೊಳ್ಳೋಕೆ ಎರಡು ವಿಡಿಯೋ ನೋಡಿದ್ದೆ.

ರಾತ್ರಿ ಒಂದಕ್ಕೆ ಎಲ್ಲ ಮುಗಿಯಿತು. ಸ್ವಿಚ್ಚಿಗೆ ತಕ್ಕ ಹಾಗೆ ರೂಟರಿನ ಸೆಟ್ಟಿಂಗೂ ಬದಲಿಸಿದೆ. ನನ್ನ ಮೊಬೈಲಿನಿಂದ ಪ್ರಿಂಟರ್ ಹುಡುಕಿದೆ, ಸಿಗಲಿಲ್ಲ. ಖುಷಿಯಾಯ್ತು. ಭಾನುವಾರ ಕೋಳಿ ಸಾರು, ಮುದ್ದೆ, ಸಂಜೆ ರೈಲು.

ಸೋಮವಾರ ಬೆಳಿಗ್ಗೆ 7:10ಕ್ಕೆ ಅಕ್ಕನ ಫೋನು. "ಕರೆಂಟ್ ಹೋಗಿ ಬಂತು ಕಣೋ. ಆವಾಗಿಂದ ಏನೂ ಓಡ್ತಿಲ್ಲ."

ಹಾಸಿಗೆಯಲ್ಲಿ ಎದ್ದು ಕೂತೆ. ಆ ಕ್ಷಣವೇ ಹೊಳೆಯಿತು. ಇಂಥ ಸ್ವಿಚ್ಚಿನಲ್ಲಿ ನೀವು ಕೊಟ್ಟ ಆಜ್ಞೆ ಕೊಟ್ಟ ಕೂಡಲೇ ಜಾರಿಯಾಗುತ್ತೆ, ಆದರೆ ಇರೋದು ತಾತ್ಕಾಲಿಕ ಮೆಮೊರಿಯಲ್ಲಿ. ಕರೆಂಟ್ ಹೋದರೂ ಉಳಿಯಬೇಕಾದರೆ ಕೊನೆಯಲ್ಲಿ ಒಂದು ಸಾಲು ಹೊಡೆಯಬೇಕು, ರೈಟ್ ಮೆಮೊರಿ. ನಾನು ಹೊಡೆದಿರಲಿಲ್ಲ. ಸಾಲದ್ದಕ್ಕೆ ಸ್ವಿಚ್ಚಿನ ಪ್ಲಗ್ಗನ್ನು ಯುಪಿಎಸ್ ಬಿಟ್ಟು ಗೋಡೆಯ ಸಾಕೆಟ್ಟಿಗೆ ಹಾಕಿ ಬಂದಿದ್ದೆ. ಈಗ ರೂಟರ್ ಹೊಸ ಭಾಷೆ ಮಾತಾಡ್ತಿದೆ, ಸ್ವಿಚ್ಚು ಎಲ್ಲ ಮರೆತು ಕೂತಿದೆ.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಇರೋರು ಯಾರು ಹೇಳಿ? ಫಾಸ್ಟಿಂಗ್ ಶುಗರ್‌ನೋರು. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕದೆ, ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದ ವಯಸ್ಸಾದವರು. ಫೋನಿನಲ್ಲಿ ಹಿಂದೆ ಒಬ್ಬ ಅಜ್ಜಿಯ ದನಿ ಕೇಳುತ್ತಿತ್ತು: "ಅವ್ವಾ, ತಲೆ ಸುತ್ತತೈತೆ, ಬ್ಯಾಗ ತಗಳ್ರವ್ವಾ ರಕ್ತವ." ಭಾವ ಹೆಸರು ಕೈಯಲ್ಲಿ ಬರೆದುಕೊಂಡು ಸ್ಯಾಂಪಲ್ ತೆಗೆಯೋಕೆ ಕೂತರು. ಆ ಹುಡುಗನ ಪೋಸ್ಟರಿಗಿಂತ ನಾನು ಮಾಡಿದ್ದು ದೊಡ್ಡ ಅನಾಹುತ.

ಒಂದೇ ಪುಣ್ಯ, ಕನ್ಸೋಲ್ ಕೇಬಲ್ ಅಲ್ಲೇ ಮರೆತು ಬಂದಿದ್ದೆ. "ಅಕ್ಕ, ನೀನೇ ಮಾಡ್ಬೇಕು" ಅಂದೆ.

"ನಾನಾ? ಸರಿ ಹೇಳು."

ಮೊಬೈಲ್ ಡೇಟಾ ಮೂಲಕ ನಾನೇ ಒಳಗೆ ಬರಬಹುದಿತ್ತು ಅನ್ನೋದು ಆ ಗಡಿಬಿಡಿಯಲ್ಲಿ ಹೊಳೆಯಲೇ ಇಲ್ಲ. ಒಂದೊಂದೇ ಅಕ್ಷರ ಹೇಳುತ್ತಾ ಹೋದೆ. ವಿ ಅಂದ್ರೆ ವಿಜಯದ ವಿ, ಎಲ್ ಅಂದ್ರೆ ಲಕ್ಷ್ಮಿಯ ಎಲ್. ಎರಡು ಸಲ ಬೈಸಿಕೊಂಡೆ. ನಾಲ್ಕನೇ ಸಾಲಿಗೆ ಅಕ್ಕ ನನ್ನನ್ನು ತಡೆದಳು. "ತಡಿಯೋ. ಒಂದರಿಂದ ಎಂಟ್ರ ತನಕ ಹತ್ತು ಅಂತ ಆಯ್ತಲ್ಲ. ಹಂಗಾರೆ ಒಂಬತ್ತರಿಂದ ಇದೇ ಸಾಲು, ಹತ್ತರ ಜಾಗದಲ್ಲಿ ಇಪ್ಪತ್ತು?" ಹೂಂ ಅನ್ನೋಷ್ಟರಲ್ಲಿ ಎಂಟರ್ ಒತ್ತಿದ ಸದ್ದು ಕೇಳಿಸಿತು. ರೂಟರಿಗೆ ಹೋಗುವ ಕೊನೆಯ ಪೋರ್ಟನ್ನು ಮಾತ್ರ ನಾನು ಹೇಳಿಕೊಟ್ಟೆ, ಮೂರೂ ತೂಬಿನ ನೀರು ಹಾಯುವ ಕಾಲುವೆ ಅದು. 8:05ಕ್ಕೆ ಬಿಲ್ಲಿಂಗ್ ತೆರೆಯಿತು.

ಪಿಯುಸಿ ಸೈನ್ಸಿನಲ್ಲಿ ಅಕ್ಕ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದಿದ್ದಳು. ತೆಂಗಿಗೆ ನುಸಿ ಬಂದಾಗ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಮುಂದೆ ಹುಡುಗನನ್ನು ಓದಿಸಬೇಕಲ್ಲ ಅಂತ ಅವಳನ್ನು ಅಲ್ಲಿಗೇ ನಿಲ್ಲಿಸಿದರು. ಮೂರು ವರ್ಷದ ಮೇಲೆ ನನಗೆ ಸಿಇಟಿಯಲ್ಲಿ ಸೀಟು ಸಿಕ್ಕಾಗ ಹಾಸ್ಟೆಲ್ಲಿಗೆ ಬೇಕಾದ ಟ್ರಂಕು ಕೊಡಿಸಿದ್ದು ಭಾವ. ಈ ವಿಷಯ ನಾವು ಅಕ್ಕತಮ್ಮ ಯಾವತ್ತೂ ಮಾತಾಡಿದವರಲ್ಲ. ಆವತ್ತೂ ಮಾತಾಡಲಿಲ್ಲ. ಫೋನಿಡುವ ಮೊದಲು ನಾನು "ಈಗ ಕೊನೇದು, ಡಬ್ಲ್ಯು ಆರ್" ಅಂದೆ.

"ಏನದು?"

"ಉಳಿಸೋದು. ಇದನ್ನ ಹೊಡೀದೆ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಆ ಕಡೆ ಸ್ವಲ್ಪ ಹೊತ್ತು ಮೌನ. "ಬಿಇ ಮಾಡಿ ಇದ್ನ ಮರ್ತೇನೋ?" ಅಂದಳು. ಆಮೇಲೆ ನಕ್ಕಳು. ನನಗೆ ತಕ್ಷಣ ನಗು ಬರಲಿಲ್ಲ.

ಈಗ ಕೌಂಟರಿನ ಡ್ರಾಯರಿನಲ್ಲಿ ಒಂದು 200 ಪುಟದ ನೋಟ್‌ಬುಕ್ ಇದೆ. ಯಾವ ಪೋರ್ಟಿಗೆ ಯಾವ ವೈರು, ಯಾವತ್ತು ಏನು ಬದಲಿಸಿದ್ದು, ಎಲ್ಲ ಅಕ್ಕನ ದುಂಡು ಅಕ್ಷರದಲ್ಲಿ, ಕೆಂಪು ಗೆರೆ ಎಳೆದು. ಪ್ಲಗ್ಗು ಯುಪಿಎಸ್ಸಿಗೆ ಹೋಗಿದೆ. ಹೋದ ತಿಂಗಳು ಮೀಟಿಂಗಿನಲ್ಲಿದ್ದಾಗ ಅವಳ ಮೆಸೇಜ್ ಬಂತು: ಹೊಸ ಆವೃತ್ತಿ ಬಂದಿದೆ, ರಿಲೀಸ್ ನೋಟ್ಸ್ ಓದಿದೆ, ಭಾನುವಾರ ಮಧ್ಯಾಹ್ನ ಹಾಕ್ತೀನಿ, 'ಡೆಪ್ರಿಕೇಟೆಡ್' ಅಂದ್ರೆ ಏನು?

ಹೊರಗೆ ಬಂದು ಫೋನ್ ಮಾಡಿ ಹೇಳಿದೆ. ಭಾನುವಾರ ಮೂರು ಗಂಟೆಗೆ ನಾನೇ ತಡೆಯಲಾರದೆ ಮತ್ತೆ ಫೋನ್ ಮಾಡಿದರೆ ಎತ್ತಿದ್ದು ಭಾವ. "ದೀಪ ಮಿಣುಕ್ತಾ ಇದೆಯಂತಪ್ಪ. ಯಾರೂ ಮಾತಾಡಿಸ್ಬೇಡಿ ಅಂದಿದಾಳೆ, ಆಮೇಲೆ ಮಾಡು."